ಶನಿವಾರದ ತುಂಡು ಸೌದೆ

ಅಕ್ಟೋಬರ್ 7, ಮಂಗಳವಾರ

ಇವತ್ತೂ ಅದೇ. ಟೂ ಬೈ ಫೋರ್, ನಂಬರ್ ಟೂ, ಎಂಟು ಅಡಿ. ಸೇವ್. ಹತ್ತು ಅಡಿ. ಸೇವ್. ಹನ್ನೆರಡು... ಹಳೆಯ ಸಾಫ್ಟ್‌ವೇರಿನ ಲಿಸ್ಟ್ ಹೊಸದಕ್ಕೆ ಬರುವುದಿಲ್ಲವಂತೆ. ಯಾರ್ಡಿನಲ್ಲಿರುವ ಒಂದೊಂದು ಜಾತಿಯ ಮರಕ್ಕೂ ದಪ್ಪ, ದರ್ಜೆ, ಉದ್ದ ಕೈಯಾರೆ ತುಂಬಬೇಕು. ಆಮೇಲೆ ಚಾವಣಿ ಹೊರುವ ಮರದ ಚೌಕಟ್ಟಿನಲ್ಲಿ, ಅಂದರೆ ಟ್ರಸ್ಸಿನಲ್ಲಿ, ಯಾವುದು ಮೇಲಿನ ಕೋಲಿಗೆ, ಯಾವುದು ಕೆಳಗಿನದಕ್ಕೆ, ಯಾವುದು ನಡುವಿನ ಅಡ್ಡಗಳಿಗೆ. ಕಣ್ಣು ಉರಿ.

ಈ ಸಾಫ್ಟ್‌ವೇರು ಲಿಸ್ಟಿನಲ್ಲಿ ಮೊದಲು ಬರೆದದ್ದನ್ನೇ ಮೊದಲು ಹಾಕಿ ನೋಡುತ್ತದೆ. ಚಾವಣಿಯ ಮೇಲಿನ ಹಿಮದ ಭಾರಕ್ಕೆ ತಾಳದಿದ್ದರೆ ಮುಂದಿನದು. ಲಿಸ್ಟಿನಲ್ಲಿ ಇಲ್ಲದ ಮರ ಅದರ ಪಾಲಿಗೆ ಹುಟ್ಟಿಯೇ ಇಲ್ಲ.

ಕರ್ಟ್ ಬಾಗಿಲಿಗೆ ಒರಗಿ ನಿಂತ. "ಮಾರ್ಲಿಸ್, ಮುಂಚೆ ಹನ್ನೆರಡು, ಹದಿನಾರು ಎರಡೇ ಉದ್ದ ತರಿಸ್ತಿದ್ವಿ. ಈಗ ಎಲ್ಲಾ ತರಿಸ್ತಿದೀನಿ. ಹತ್ತು, ಹದಿನಾಲ್ಕು ಎರಡೂ ಬಿಡದೆ ಹಾಕಿ. ಹಿತ್ತಲಲ್ಲಿ ತುಂಡು ಬೀಳೋದು ಕಮ್ಮಿ ಆಗ್ಬೇಕು."

"ಹಾಕ್ತೀನಪ್ಪ. ಬೆರಳು ಹತ್ತೇ ಇರೋದು."

ಇವನು ಹುಟ್ಟಿದಾಗ ತೊಟ್ಟಿಲಿಗೆ ಕಂಬಳಿ ಹೆಣೆದು ಕೊಟ್ಟವಳು ನಾನು. ಈಗ ಮಾಲೀಕ. ಒಳ್ಳೆಯ ಹುಡುಗ, ಆದರೆ ಅವಸರ.

ರಾತ್ರಿ ಊಟಕ್ಕೆ ಮಾಂಸದ ಕಡುಬು. ಅರ್ಧ ತಿಂದೆ, ಅರ್ಧ ನಾಳೆಗೆ. ರೂಡಿ ಹೋದಮೇಲೆ ಈ ಗಂಡನಿಲ್ಲದ ಮನೆಯಲ್ಲಿ ಒಂದು ಕಡುಬು ಎರಡು ದಿನ ಬರುತ್ತದೆ.

ಅಕ್ಟೋಬರ್ 11, ಶನಿವಾರ

ಕಾರ್ಖಾನೆಗೆ ರಜೆ. ಆದರೂ ಬೆಳಿಗ್ಗೆ ಗೇಟು ತೆಗೆದೆ. ಬೀಗದ ಕೈ ಮೊದಲು ರೂಡಿಯ ಹತ್ತಿರ ಇತ್ತು — ಗರಗಸದ ಮೇಸ್ತ್ರಿ ಅವನೇ. ಟ್ರಸ್ ಕೊಯ್ದು ಉಳಿದ ತುಂಡುಗಳು ಹಿತ್ತಲಲ್ಲಿ ಬೀಳುತ್ತವೆ, ಶನಿವಾರ ಬೆಳಿಗ್ಗೆ ಯಾರು ಬೇಕಾದರೂ ತುಂಬಿಕೊಂಡು ಹೋಗಬಹುದು. ಸಂಜೆಗೆ ಊರಿಗೆ ಊರೇ ಸೌನಾ, ಬೆವರು ಸುರಿಸಿ ಮೀಯುವ ಪುಟ್ಟ ಮರದ ಕೋಣೆ, ಕಾಯಿಸುತ್ತದಲ್ಲ. ಮೀಯದೆ ಭಾನುವಾರ ಮಾಡಿದವರನ್ನು ಇಲ್ಲಿ ಕ್ರೈಸ್ತರೆಂದು ಒಪ್ಪುವುದೇ ಕಷ್ಟ.

ಎಲ್ಲರೂ ಬಂದು ಹೋದಮೇಲೆ ಕೊನೆಗೆ ಮುದುಕ ಒನ್ನಿ ಸಾರೆಲಾ. ಎಂಬತ್ತು ದಾಟಿದೆ. ರೂಡಿಗೆ ಗರಗಸ ಕಲಿಸಿದವರೇ ಅವರು. ಅರ್ಧ ಟ್ರಕ್ ತುಂಬಿ ಆಫೀಸಿಗೆ ಬಂದು ಕೂತರು.

"ಏನಮ್ಮಾ, ಕಂಪ್ಯೂಟರ್‌ಗೆ ಮರ ತಿನ್ನಿಸೋದು ಮುಗೀತಾ?"

"ಇನ್ನೂ ಇಲ್ಲ. ಅದರ ಹೊಟ್ಟೆ ದೊಡ್ಡದು."

"ನಿನ್ನ ಗಂಡ ಕಿವಿಗೆ ಪೆನ್ಸಿಲ್ ಸಿಗಿಸ್ಕೊಂಡೇ ಇಡೀ ಸ್ಕೂಲಿಗೆ ಚಾವಣಿ ಕೊಯ್ದ."

"ಅದು ಸೋರ್ತಿತ್ತು ಒನ್ನಿ."

"ಸೋರಿದ್ದು ಶೀಟು. ಟ್ರಸ್ ಮೇಲೆ ಯಾಕೆ ಗೂಬೆ ಕೂರಿಸ್ತೀಯ?" ಕಾಫಿ ಕುಡಿದು ಮುಖ ಕಿವುಚಿದರು. "ಪಾತ್ರೆ ತೊಳೆದ ನೀರು." ಮತ್ತೊಂದು ಲೋಟ ಬಗ್ಗಿಸಿಕೊಂಡರು. ಏಲಕ್ಕಿ ಬ್ರೆಡ್ಡಿನ ಪೊಟ್ಟಣ ಮೇಜಿನ ಮೇಲಿಟ್ಟು, ಎಂದಿನ ಹಾಗೆ ಕೇಳಿದರು, "ಇವತ್ತಾದ್ರೂ ನಿನ್ನ ಸೌನಾ ಕಾಯಿಸ್ತೀಯಾ?"

"ಒಬ್ಬಳಿಗೆ ಯಾಕೆ ಅಷ್ಟು ಸೌದೆ ಸುಡೋದು. ಶವರ್ ಸಾಕು."

ರೂಡಿ ಸತ್ತ ಚಳಿಗಾಲದಿಂದ ಆ ಒಲೆಗೆ ಬೆಂಕಿ ಹಾಕಿಲ್ಲ. ಒನ್ನಿಗೆ ಗೊತ್ತು. ಗೊತ್ತಿದ್ದೇ ಕೇಳುತ್ತಾರೆ.

ಅಕ್ಟೋಬರ್ 16

ಲಿಸ್ಟ್ ಮುಗಿಯಿತು. ಮೊದಲ ಮನೆಯ ನಕ್ಷೆ ಹಾಕಿ ನೋಡಿದೆ. ಪ್ರತಿ ಕೋಲಿಗೂ ಹತ್ತಿರದ ಉದ್ದವನ್ನೇ ಆರಿಸಿತು. ಉಳಿಯುವ ತುಂಡು ಗೇಣುದ್ದವೂ ಇಲ್ಲ. ಬೀಗಿದೆ, ಸುಳ್ಳು ಯಾಕೆ. ಕರ್ಟ್ ಡೋನಟ್ ತಂದು ಎಲ್ಲರೆದುರು, "ಮಾರ್ಲಿಸ್ ಕೈ ಅಂದ್ರೆ ಕೈ" ಅಂದ. ಸಂಜೆ ಮನೆಗೆ ಬಂದು ಯಾರಿಗೆ ಹೇಳಲಿ ಎಂದು ನೋಡಿದರೆ — ಫ್ರಿಜ್ಜು.

ಅಕ್ಟೋಬರ್ 25, ಶನಿವಾರ

ರಾಶಿ ಮೊಣಕಾಲಿಗೂ ಬರಲಿಲ್ಲ. ಎರಡು ಟ್ರಕ್ಕು ಗೇಟಿನಲ್ಲೇ ತಿರುಗಿದವು. ಬೇಕರಿಯ ವೀನೊ ಕಿಟಕಿ ಇಳಿಸಿ, "ಏನೇ ಮಾರ್ಲಿಸ್, ಪೊರಕೆ ತಗೊಂಡು ಗುಡಿಸಿಬಿಟ್ಟಿದೀಯಲ್ಲ?" ಎಂದಳು.

ನಕ್ಕೆ. ಅವಳು ಹೋದಮೇಲೆ ಹೊಳೆಯಿತು. ನಾನೇ ಗುಡಿಸಿದ್ದು. ಹತ್ತು, ಹದಿನಾಲ್ಕು. ಸೇವ್, ಸೇವ್. ಅಷ್ಟು ದಿನ ಕೂತು ತುಂಬುವಾಗ ಹಿತ್ತಲ ರಾಶಿ ಒಮ್ಮೆಯೂ ನೆನಪಿಗೆ ಬರಲಿಲ್ಲ. ಕೂತ ಕೊಂಬೆ ಕಡಿದುಕೊಂಡೆ.

ಒನ್ನಿ ಒಂದು ತೆಕ್ಕೆಯಷ್ಟು ಎತ್ತಿಕೊಂಡರು. ಕಾಫಿ ನಿಂತೇ ಕುಡಿದರು. "ಬೇರೆಯವರಿಗೂ ಇರ್ಲಿ" ಎಂದು ಹೊರಟರು. ಬೇರೆಯವರು ಯಾರೂ ಇರಲಿಲ್ಲ.

ನವೆಂಬರ್ 1, ಶನಿವಾರ

ಬಂದವರು ಇಬ್ಬರು. ಒನ್ನಿ ಇಲ್ಲ. ಎರಡನೆಯ ಲೋಟ ತೊಳೆದಿಟ್ಟೆ, ಬಳಸದಿದ್ದರೂ.

ನವೆಂಬರ್ 8, ಶನಿವಾರ

ಯಾರೂ ಇಲ್ಲ. ಸರೋವರದ ಕಡೆಯಿಂದ ಹಿಮ. ಮಧ್ಯಾಹ್ನದವರೆಗೆ ಗೇಟು ತೆಗೆದಿಟ್ಟುಕೊಂಡು ಕೂತೆ. ವಾರವೆಲ್ಲ ಆಫೀಸಿನಲ್ಲಿ ಮಾತಿದೆ, ನಿಜ. ಆದರೆ ಅದು ಕೆಲಸದ ಮಾತು. ನನ್ನನ್ನು ನೋಡಲೆಂದು ಜನ ಬರುತ್ತಿದ್ದದ್ದು ಶನಿವಾರ ಮಾತ್ರ ಅಂದುಕೊಂಡಿದ್ದೆ. ಸೌದೆಗೆ ಬರುತ್ತಿದ್ದರು, ನನ್ನನ್ನು ನೋಡಲು ಅಲ್ಲ — ಅದು ಈಗ ಗೊತ್ತಾಯಿತು.

ನವೆಂಬರ್ 11

ಮಾಡಿಬಿಟ್ಟೆ. ದೊಡ್ಡ ಗ್ಯಾರೇಜಿನ ಕೆಲಸ ಬಂದಿತ್ತು. ಲಿಸ್ಟ್ ತೆಗೆದು ಹತ್ತರ ಮುಂದಿನ ಗುರುತು ಅಳಿಸಿದೆ. ಹದಿನಾಲ್ಕರದ್ದೂ. ಮತ್ತೆ ಓಡಿಸಿದೆ. ಅಯ್ಯೋ ಪಾಪ, ಇದ್ದದ್ದರಲ್ಲೇ ಹುಡುಕಿಕೊಂಡಿತು — ಹದಿಮೂರು ಅಡಿಯ ಕೋಲಿಗೆ ಹದಿನಾರು, ಒಂಬತ್ತಕ್ಕೆ ಹನ್ನೆರಡು. ಟ್ರಸ್ಸಿನ ಬಲಕ್ಕೇನೂ ತೊಂದರೆಯಿಲ್ಲ. ಬರೀ ಮರ ದಂಡ. ಕರ್ಟನ ಮರ.

ಇದು ಕಳ್ಳತನವೇ? ರೂಡಿ ಇದ್ದಿದ್ದರೆ ಹೌದು ಅನ್ನುತ್ತಿದ್ದ. ಇದ್ದಿದ್ದರೆ ನಾನು ಇದನ್ನು ಮಾಡುತ್ತಲೂ ಇರಲಿಲ್ಲ.

ನವೆಂಬರ್ 15, ಶನಿವಾರ, ಬೆಳಿಗ್ಗೆ

ಸೊಂಟದೆತ್ತರ ರಾಶಿ. ಬೆಳ್ಳಗೆ, ಒಣಗಿದ್ದು. ದೊಡ್ಡ ಜಗ್ಗಿನಲ್ಲಿ ಕಾಫಿ ಮಾಡಿದೆ, ಈ ಸಲ ಗಟ್ಟಿಯಾಗಿ. ಗಂಟೆ ಎಂಟಾಯಿತು. ಒಂಬತ್ತು. ಒಂದು ನರಪಿಳ್ಳೆ ಇಲ್ಲ. ಹತ್ತಕ್ಕೆ ಕಾಡಿನ ಕಡೆಯಿಂದ ಗುಂಡಿನ ಸದ್ದು. ಇನ್ನೊಂದು.

ಜಿಂಕೆ ಬೇಟೆಯ ಮೊದಲ ದಿನ. ಊರಿನಲ್ಲಿ ನಡೆದಾಡಬಲ್ಲವರೆಲ್ಲ ಕಾಡಿನಲ್ಲಿದ್ದಾರೆ. ನವೆಂಬರ್ ಹದಿನೈದನ್ನು ಇಲ್ಲಿ ಹುಟ್ಟಿದ ಕೂಸೂ ಮರೆಯುವುದಿಲ್ಲ, ವಾರದ ನಡುವೆ ಬಂದರೆ ಶಾಲೆಗೇ ರಜೆ. ನಾನು ಮರೆತೆ. ಅಡುಗೆಮನೆಯ ಮೇಜಿನ ಮೇಲೆ ಬಂದೂಕು ಒರೆಸುತ್ತ ಕೂರುವವರು ಇಲ್ಲದಿದ್ದರೆ ತಾರೀಖು ಯಾರು ನೆನಪಿಸಬೇಕು.

ಆದರೆ ಒನ್ನಿ ಬೇಟೆ ಬಿಟ್ಟು ಎಷ್ಟೋ ವರ್ಷ. ಅವರೂ ಬಂದಿಲ್ಲ. ಕಾರಿನ ಡಿಕ್ಕಿ ತುಂಬ ತುಂಡು ಹೇರಿದ್ದೇನೆ. ಹೋಗಿ ಬರುತ್ತೇನೆ. ಚಳಿಗೆ ಏನಾದರೂ ಆಗಿದ್ದರೆ...

ಅದೇ ದಿನ, ಸಂಜೆ

ಏನೂ ಆಗಿಲ್ಲ. ಮುದುಕ ಅಂಗಳದಲ್ಲಿ ಹಿಮ ಎತ್ತುತ್ತಿದ್ದರು.

"ಸೌದೆ ತಂದಿದೀನಿ" ಎಂದೆ. ಅವರು ಸಲಿಕೆ ಊರಿ ನಿಂತರು. ಮುಖ ಒಂಥರಾ ಆಯಿತು. "ಅಲ್ಲೇ ಇರ್ಲಿ ಬಿಡು, ಆಮೇಲೆ ನಾನೇ—" ಅನ್ನುವಷ್ಟರಲ್ಲಿ ನಾನು ಶೆಡ್ಡಿನ ಬಾಗಿಲು ಎಳೆದಿದ್ದೆ.

ನೆಲದಿಂದ ಸೂರಿನವರೆಗೆ ತುಂಡು. ಒಂದು ಇಲಿ ನುಗ್ಗಲು ಜಾಗವಿಲ್ಲ. ಎಲ್ಲ ನಮ್ಮ ಹಿತ್ತಲಿನದೇ. ಕೆಳಗಿನ ಸಾಲುಗಳಲ್ಲಿ ಹಳದಿಗೆ ತಿರುಗಿದವು, ಅವುಗಳ ಮೇಲೆ ಪೆನ್ಸಿಲ್ ಗೆರೆ. ರೂಡಿಯ ಕೈ. ನೋಡಿಯೂ ನೋಡದವಳ ಹಾಗೆ ನಿಂತೆ.

"ಇದನ್ನೆಲ್ಲ ಯಾವಾಗ ಸುಡ್ತೀರಿ?"

"ಸುಡಲ್ಲ. ಮಗಳು ಸೌನಾಗೆ ಕರೆಂಟ್ ಒಲೆ ಹಾಕಿಸಿದಾಳೆ. ಗುಂಡಿ ಒತ್ತಿದ್ರೆ ಬಿಸಿ. ರೂಡಿ ಇರುವಾಗ್ಲೇ ಹಾಕಿಸಿದ್ದು."

"ಮತ್ತೆ ವಾರವಾರ ಯಾಕೆ ಹೊತ್ಕೊಂಡು ಹೋಗ್ತಿದ್ರಿ?"

"ಬರೀ ಕೈಯಲ್ಲಿ ಹೋದ್ರೆ ನೀನು ಏನ್ ತಿಳ್ಕೊಳ್ತಿದ್ದೆ?" ಹಿಮವನ್ನು ಬೂಟಿನಿಂದ ಕೆದಕಿದರು. "ಮುದುಕ ಮಾತಿಗೆ ಬರ್ತಾನೆ ಅಂತ. ತುಂಡೇ ಇಲ್ಲ ಅಂದ್ಮೇಲೆ ಏನು ನೆಪ ಹೇಳ್ಕೊಂಡು ಬರ್ಲಿ ನಾನು?"

ನಾನು ಲಿಸ್ಟ್ ಕೆಡಿಸಿದ್ದೂ ಅದಕ್ಕೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅಳು ಬಂದಿತ್ತು. ಅಂಗಳದಲ್ಲೇ ನಿಂತು ಅತ್ತೆ. ಒನ್ನಿ ನನ್ನ ಕಾರಿನ ಗಾಜಿನ ಮೇಲಿನ ಹಿಮ ಒರೆಸಿದರು. ಡಿಕ್ಕಿಯ ಸೌದೆ ಹಾಗೇ ವಾಪಸ್ಸು ಬಂತು.

ನವೆಂಬರ್ 17, ಸೋಮವಾರ

ಗುರುತು ಎರಡೂ ಮತ್ತೆ ಹಾಕಿದೆ. ಹತ್ತು. ಹದಿನಾಲ್ಕು. ಸೇವ್. ಅಷ್ಟರಲ್ಲಿ ಕರ್ಟ್ ಗ್ಯಾರೇಜಿನ ಕಾಗದ ಹಿಡಿದು ಬಂದ.

"ಇದರಲ್ಲಿ ಇಷ್ಟೊಂದು ವೇಸ್ಟ್ ಹೇಗೆ?"

"ಎರಡು ಉದ್ದ ನಾನೇ ತೆಗೆದಿದ್ದೆ. ಶನಿವಾರ ಯಾರೂ ಬರ್ತಿರ್ಲಿಲ್ಲ. ನನ್ನ ಸಂಬಳದಲ್ಲಿ ಹಿಡ್ಕೋ."

ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. "ಹಿಡಿಯೋದೇನೂ ಬೇಡ. ಮತ್ತೆ ಮಾಡ್ಬೇಡಿ" ಎಂದ. ಬಾಗಿಲಲ್ಲಿ ತಿರುಗಿ, "ಅಮ್ಮ ನಿಮ್ಮ ಬಗ್ಗೆ ಕೇಳ್ತಿರ್ತಾಳೆ" ಎಂದ. ಕೇಳುತ್ತಾಳೆ, ಮನೆಗೆ ಕರೆಯುವುದಿಲ್ಲ. ನಾನೂ ಅವಳನ್ನು ಕರೆದಿಲ್ಲ, ಅದೂ ನಿಜ.

ನವೆಂಬರ್ 20

ಒನ್ನಿಗೆ ಫೋನ್ ಮಾಡಿದೆ. ಮೂರು ಸಲ ನಂಬರ್ ಒತ್ತಿ ಇಟ್ಟು, ನಾಲ್ಕನೆಯ ಸಲ.

"ಶನಿವಾರ ಸೌನಾ ಕಾಯಿಸ್ತಿದೀನಿ."

"ಸೌದೆ ತರ್ಲಾ?"

"ಬೇಡ. ಬರೀ ಕೈಯಲ್ಲಿ ಬನ್ನಿ."

ನವೆಂಬರ್ 22, ಶನಿವಾರ

ಮಧ್ಯಾಹ್ನದಿಂದ ಅದೇ ಕೆಲಸ. ಬೆಂಚು ಉಜ್ಜಿದೆ. ಹೊಗೆಕೊಳವೆಯಲ್ಲಿ ಹಕ್ಕಿಗೂಡು, ತೆಗೆದೆ. ಕದ್ದ ತುಂಡುಗಳನ್ನೇ ಒಲೆಗೆ ಹಾಕಿದೆ, ಬೇರೆ ಒಣ ಸೌದೆ ಇರಲಿಲ್ಲ. ಮೊದಲು ಬರೀ ಹೊಗೆ. ಕೆಮ್ಮಿ ಕೆಮ್ಮಿ ಸಾಕಾಯಿತು. ಆಮೇಲೆ ಹಿಡಿಯಿತು. ಒಲೆಯ ಮೇಲಿನ ಕಲ್ಲುಗಳು ಕಾದ ವಾಸನೆ ಬಂದಾಗ ಬಾಗಿಲ ಹೊರಗೆ ಬಂದು ನಿಂತೆ. ರೂಡಿಯ ವಾಸನೆ ಅದು.

ಗಂಡಸರ ಸರದಿ ಮೊದಲು. ಒನ್ನಿ ಮಿಂದು ಬಂದಮೇಲೆ ನಾನು. ಅಷ್ಟರಲ್ಲಿ ಅವರು ಕಾಫಿ ಇಡಲಿ, ನನ್ನ ಕೈಯದು ಹೇಗೂ ಸರಿಯಿಲ್ಲವಲ್ಲ.

ಟ್ರಕ್ಕಿನ ಬೆಳಕು ಬೇಲಿಗೆ ಬಿತ್ತು. ಇನ್ನೂ ಬಕೆಟ್ ತುಂಬಿಸಿಲ್ಲ. ಟವೆಲ್ — ಗೂಟದ ಮೇಲೆ ರೂಡಿಯದು ಹಾಗೇ ಇದೆ, ಒಗೆದದ್ದೇ. ಅದನ್ನೇ ಕೊಡಲೇ, ಇಲ್ಲ ಬೇರೆ ಹುಡುಕಲೇ... ಬಾಗಿಲು ತಟ್ಟಿದರು, ಉಳಿದದ್ದು ನಾಳೆ ಬರೆಯುತ್ತೇನೆ.