ಸೀಮಾಳ ಮುಂದಿನ ಹಲ್ಲು

೪ ಫೆಬ್ರುವರಿ, ಮಂಗಳವಾರ. ರಾಯಬಾಗ

ಹದಿನಾಲ್ಕು ಪೇಷಂಟ್. ಎರಡು ಸಲ ಕರೆಂಟ್ ಹೋಯಿತು. ಅಂಕಲಿಯ ಬಾಪುಸಾಹೇಬರ ಮಗಳು ಸೀಮಾ — ರೂಟ್ ಕೆನಾಲ್ ಆದ ಮುಂದಿನ ಹಲ್ಲು, ಅರ್ಧ ಮುರಿದದ್ದು. ಬೇರಿನೊಳಗೆ ಫೈಬರ್ ಪೋಸ್ಟ್, ಅಂದರೆ ಸಣ್ಣ ಕಡ್ಡಿ, ನಿಲ್ಲಿಸಿ ಅದರ ಮೇಲೆ ಹಲ್ಲು ಕಟ್ಟಿದೆ. ಭಾನುವಾರ ನಿಪ್ಪಾಣಿಯಲ್ಲಿ ಅವಳ ಸಾಖರಪುಡಾ, ನಿಶ್ಚಯದ ಊಟ. ಅವಸರ ಅವರದ್ದೇ.

ಪೋಸ್ಟ್ ಕೂರಿಸುವ ಮುಂಚೆ ನನ್ನ ಅಸಿಸ್ಟೆಂಟ್ ಅಕ್ಕುತಾಯಿ ತಡೆದಳು.

"ಸರ್, ಒಳಗ ಇನ್ನೂ ಲವಂಗದ ವಾಸನಿ ಐತ್ರಿ."

ರೂಟ್ ಕೆನಾಲಿಗೆ ತುಂಬಿದ ಲವಂಗದೆಣ್ಣೆಯ ಪೇಸ್ಟಿನ ವಾಸನೆ. ಆ ಪೇಸ್ಟ್ ಬೇರಿನ ಒಳಗೋಡೆಗೆ ಉಳಿದರೆ ಸಿಮೆಂಟ್ ಹಿಡಿಯುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಇದನ್ನು ಅವಳಿಗೆ ಕಲಿಸಿದವನು ನಾನೇ. ಇನ್ನೊಮ್ಮೆ ಕೆರೆದು, ತೊಳೆದು, ಒಣಗಿಸಬೇಕಿತ್ತು. ಹತ್ತು ನಿಮಿಷದ ಕೆಲಸ.

"ನಿನ್ನ ಕೆಲಸಾ ನೀ ನೋಡು. ಸಿಮೆಂಟ್ ಕಲಸು," ಅಂದೆ.

ಕಲಸಿದಳು.

೧೦ ಫೆಬ್ರುವರಿ, ಸೋಮವಾರ

ಹೊರಗಿನ ಕೋಣೆ ತುಂಬಿತ್ತು. ಬಾಪುಸಾಹೇಬರು ನೇರವಾಗಿ ಬಂದು ಕರ್ಚೀಫು ಬಿಚ್ಚಿದರು. ಹಲ್ಲು, ಪೋಸ್ಟಿನ ಸಮೇತ.

"ಪೇಢಾ ಕಚ್ಚಿದ್ಲು, ಬಿತ್ತು. ಗಂಡಿನ ತಾಯಿ ಅದನ್ನ ಎತ್ತಿ ಎಲ್ಲಾರಿಗೂ ತೋರಿಸಿದ್ಲ್ರಿ ಡಾಕ್ಟರ್. ನನ್ನ ಮಗಳು ಅವಾಗಿಂದ ಮಾರಿ ಎತ್ತಿಲ್ಲ."

ನೋಡಿದೆ. ಸಿಮೆಂಟ್ ಗಟ್ಟಿಯಾಗಿ ಪೋಸ್ಟಿಗೇ ಅಂಟಿತ್ತು. ಅಂದರೆ ಕಲಸಿದ್ದು ಸರಿಯಿತ್ತು. ಬಿಟ್ಟದ್ದು ಬೇರಿನ ಗೋಡೆಯನ್ನು. ಒಂದೇ ನೋಟಕ್ಕೆ ಗೊತ್ತಾಯಿತು. ಗೊತ್ತಾದ ಮೇಲೆಯೇ ಬಾಯಿ ಬಿಟ್ಟೆ —

"ಸಿಸ್ಟರ್ ಸಿಮೆಂಟ್ ಸರಿ ಕಲಸಿಲ್ರಿ."

ಎಲ್ಲರೂ ಅಕ್ಕುತಾಯಿಯ ಕಡೆ ತಿರುಗಿದರು.

"ಶೆಗಣಿ ಕಲಸೋ ಕೈಗೆ ಇಂಥಾ ಕೆಲಸಾ ಕೊಟ್ರ ಮತ್ತೇನಾಕ್ಕೈತಿ?" ಬಾಪುಸಾಹೇಬರು. ಯಾರೋ ನಕ್ಕರು.

ಅಕ್ಕುತಾಯಿ ಏಪ್ರನ್ ಮಡಿಸಿ ಸ್ಟೂಲಿನ ಮೇಲಿಟ್ಟು ಹೋದಳು.

೧೩ ಫೆಬ್ರುವರಿ, ಗುರುವಾರ

ಸೀಮಾಳ ಹಲ್ಲು ಮತ್ತೆ. ಒಂದು ಗಂಟೆ ಹಿಡಿಯಿತು. ಕೆರೆದಂತೆ ಗೋಡೆಯಿಂದ ಹಳೆಯ ಪೇಸ್ಟ್ ಬರುತ್ತಲೇ ಇತ್ತು... ಈ ಸಲ ಗಟ್ಟಿ ಕೂತಿತು. ಕನ್ನಡಿ ಕೊಟ್ಟೆ. ಸೀಮಾ ನೋಡಲಿಲ್ಲ. ಮದುವೆ ಮುರಿದಿಲ್ಲವಂತೆ. ಆದರೆ ಗಂಡಿನ ಮನೆಯವರು "ಇನ್ನೂ ಏನೇನ್ ನಕಲಿ ಐತಿ?" ಎಂದು ಕೇಳಿದ್ದಾರಂತೆ.

"ಆ ಹೆಂಗಸಿನ್ನ ತೆಗದದ್ದು ಚಲೋ ಆತ್ರಿ," ಅಂದರು ಅವಳ ಅಪ್ಪ.

"ಹೌದ್ರಿ," ಅಂದೆ. ಥೂ.

೨೩ ಫೆಬ್ರುವರಿ, ಭಾನುವಾರ

ದಿಗ್ಗೇವಾಡಿಗೆ ಹೋದೆ. ಅಕ್ಕುತಾಯಿ ತನ್ನ ಮನೆಯ ಅಂಗಳದಲ್ಲಿ ಕಡಲೆ ಬಡಿಯುತ್ತಿದ್ದಳು. ಕೋಲು ಬದಿಗಿಟ್ಟು ನೀರು ತಂದುಕೊಟ್ಟಳು.

"ತಪ್ಪಾತು ಅಕ್ಕುತಾಯಿ. ನಾಳಿಂದ ಬಾ."

"ಇಲ್ಲೆ ಕೇಳಾಕ ಯಾರದಾರ್ರಿ ಸರ್? ನಾನು, ನೀವು. ಊರಾಗ ಹುಡುಗೂರು ನನಗ ಶೆಗಣಿ ಸಿಸ್ಟರ್ ಅನ್ನಾಕತ್ತಾವ್ರಿ."

ನೀರಿನ ಲೋಟ ಕೆಳಗಿಟ್ಟೆ.

"ಬರ್ತೀನ್ರಿ. ಆದ್ರ ಅಲ್ಲೇ ಹೇಳ್ರಿ, ಮಂದಿ ಕುಂತಾಗ. ಸಿಮೆಂಟ್ ಸರಿ ಇತ್ತು ಅಂತ. ಒಂದ ಮಾತು."

ಹೇಳ್ತೀನಿ ಅಂದೆ. ಮನಸ್ಸಿನಿಂದಲೇ ಅಂದೆ.

೨೪ ಫೆಬ್ರುವರಿ, ಸೋಮವಾರ

ಒಂಬತ್ತೂವರೆಗೆ ಬಂದಳು. ಇಸ್ತ್ರಿ ಮಾಡಿದ ಸೀರೆ. ಹನ್ನೆರಡು ಜನ ಕೂತಿದ್ದರು. ಬಾಪುಸಾಹೇಬರೂ ಇದ್ದರು — ಈಗ ಅವರ ದವಡೆ ಹಲ್ಲು. ಅವಳು ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ನಾನು ಹೊರಗೆ ಬಂದೆ. ಎಲ್ಲರೂ ನನ್ನ ಮುಖ ನೋಡಿದರು.

"ಅಕ್ಕುತಾಯಿ ರಜಾದ ಮ್ಯಾಲೆ ಇದ್ಲು. ಇವತ್ತ ಬಂದಾಳ್ರಿ."

ಅಷ್ಟೇ ಬಂತು.

ಇನ್ನೂ ಹೇಳುತ್ತೇನೆಂದು ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಪ್ಪಲಿ ಮೆಟ್ಟಿ ಇಳಿದು ಹೋದಳು. ಕರೆಯಬಹುದಿತ್ತು.

"ಮೊದಲನೇ ನಂಬರ್ ನಂದ್ರಿ," ಅಂದರು ಬಾಪುಸಾಹೇಬರು. ಕುರ್ಚಿಗೆ ಕೂರಿಸಿದೆ. ಬಾಯಿ ತೆಗೀರಿ ಅಂದೆ. ಅವರು ತೆಗೆದರು. ನನ್ನದು ತೆರೆಯಲಿಲ್ಲ.