ಚಿಲಕ ಹಾಕದ ಬಾಗಿಲು

ಪೂಜ್ಯ ಸಭಾಪಾಲಕರಿಗೆ,

ಟೈಲರ್ ಮಾಡುವ ವಂದನೆಗಳು. ಚರ್ಚಿನ ಗಾಯಕರ ನಿಲುವಂಗಿಗಳು ಸಿದ್ಧವಾಗಿವೆ. ಒಂದಕ್ಕೆ ಮಾತ್ರ ಕಾಲರ್ ಬಾಕಿ.

ಹೋದ ಭಾನುವಾರ ಪ್ರಸಂಗದಲ್ಲಿ ನನ್ನನ್ನು ತೋರಿಸಿ, "ಕಳ್ಳ ನುಗ್ಗಿ ಇವರ ಹೆಂಡತೀನ ತಳ್ಳಿ ಕೊಂದು ಹೋದ. ಆದ್ರೂ ಇವರು ಬಾಗಿಲಿಗೆ ಚಿಲಕ ಹಾಕಲ್ಲ. ನಂಬಿಕೆ ಅಂದ್ರೆ ಇದು," ಅಂದಿರಿ. ಸಭೆಯೆಲ್ಲ ಆಮೆನ್ ಅಂದಿತು. ನಾನು ತಲೆ ತಗ್ಗಿಸಿದ್ದನ್ನು ವಿನಯ ಅಂದುಕೊಂಡರು.

ಅಯ್ಯನವರೇ, ಚಿಲಕ ಹಾಕುವುದನ್ನು ಬಿಟ್ಟದ್ದು, ಆತ್ಮರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ಪಿಸ್ತೂಲು ತಂದ ದಿನದಿಂದ. ಅದು ಹೊಲಿಗೆ ಮಷೀನಿನ ಡ್ರಾಯರಿನಲ್ಲಿ, ಅವಳ ಕತ್ತರಿಯ ಪಕ್ಕದಲ್ಲಿದೆ. ಕಳ್ಳ ಬಾರದಿರಲಿ ಎಂದು ಮೊದಲು ಬೇಡುತ್ತಿದ್ದೆ. ಈಗ ಮಂಡಿಯೂರಿದರೆ, ಅವನು ಇನ್ನೊಮ್ಮೆ ಬರಲಿ ಎಂದೇ ಬಾಯಿಗೆ ಬರುತ್ತದೆ. ನಿನ್ನೆ ಮಧ್ಯಾಹ್ನ ಬಾಗಿಲು ಅಲುಗಿತು. ಪಿಸ್ತೂಲು ಆಗಲೇ ಕೈಯಲ್ಲಿತ್ತು. ಬಂದದ್ದು ಬೆಕ್ಕು ಎಂದು ಕಂಡಾಗ ನನಗೆ ನಿರಾಸೆಯಾಯಿತು.

ಪಿಸ್ತೂಲನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಒಬ್ಬನೇ ಎರಡು ಸಲ ಹೊರಟು ಅರ್ಧ ದಾರಿಯಿಂದ ಹಿಂತಿರುಗಿದ್ದೇನೆ. ದಯಮಾಡಿ ಬಂದು ನನ್ನ ಜೊತೆ ನಡೆಯಿರಿ, ನಿಲುವಂಗಿಗಳನ್ನೂ ಒಯ್ಯಬಹುದು. ಆದರೆ ಬಾಗಿಲು ತೆರೆದಿದೆಯಲ್ಲ ಎಂದು ಸೀದಾ ಒಳಗೆ ಬರಬೇಡಿ. ಗೇಟಿನಲ್ಲೇ ನಿಂತು ಕೂಗಿ. ನಾನು ಓಗೊಟ್ಟ ಮೇಲೆಯೇ ಹೊಸಿಲು ದಾಟಿ.

ಇಂತಿ,
ನೀವು ಹೊಗಳಿದ ಟೈಲರ್