ಹಸಿರು ಸೀರೆಯ ಒಳಸುದ್ದಿ

ಮುನಿಸಿಕೊಂಡಿರುವ ಅಂಕಮ್ಮಜ್ಜಿಗೆ, ನಿನ್ನ ಕೊಟ್ಟಿಗೆಯಿಂದ ಹೊರಗೆ ಹಾಕಿಸಿಕೊಂಡ ಸಿದ್ದರಾಮು ಹಲಗೂರಿನಿಂದ ಅಡ್ಡಬಿದ್ದು ಬರೆಯುವುದು.

ನಿನಗೆ ಓದಲು ಬರುವುದಿಲ್ಲ, ಮೊಮ್ಮಗಳು ಅರ್ಪಿತ ಓದಿ ಹೇಳುತ್ತಾಳೆ. ಅರ್ಪಿತ, ನನ್ನ ತಪ್ಪು ಬರುವ ಕಡೆ ದನಿ ತಗ್ಗಿಸಬೇಡ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನ ಅಕ್ಷರ ಇದಕ್ಕಿಂತ ನೆಟ್ಟಗಾಗುವುದಿಲ್ಲ, ಸಹಿಸಿಕೋ.

ಅಜ್ಜಿ, ನಿನ್ನ ಎತ್ತು ನಿನಗೆ ಪುಟ್ಟಮಾದ. ಗಾಡಿ ಓಟದ ಹುಚ್ಚು ಹಿಡಿದ ನಮಗೆ ಅದು ಸುನಾಮಿ. ಆ ಹೆಸರಿನಲ್ಲಿ ಮೊಬೈಲಿನಲ್ಲಿ ನಮ್ಮದೊಂದು ಅಭಿಮಾನಿಗಳ ಗುಂಪಿದೆ, ಒಂಬೈನೂರು ಜನ. ಅಲ್ಲಿ ಒಳಸುದ್ದಿ ತಂದವನಿಗಿರುವ ಮರ್ಯಾದೆ ಊರಿನಲ್ಲಿ ಡಿಗ್ರಿ ಮಾಡಿದವನಿಗೂ ಇಲ್ಲ. ಲಾಳ ಯಾವಾಗ ಕಟ್ಟಿಸಿದರು, ಬೆಳಿಗ್ಗೆ ಏನು ತಿಂದಿತು, ಎಲ್ಲವೂ ಸುದ್ದಿಯೇ. ಒಬ್ಬ ಅದರ ಸಗಣಿಯ ಫೋಟೋ ಹಾಕಿ, ಜೀರ್ಣಶಕ್ತಿ ಚೆನ್ನಾಗಿದೆ ಎಂದು ಬರೆದು ಇನ್ನೂರು ಲೈಕ್ ಸಂಪಾದಿಸಿದ್ದ.

ನೀನು ಕೊಟ್ಟಿಗೆಯಲ್ಲಿ ನನಗೊಂದು ಮಾತು ಹೇಳಿದೆಯಲ್ಲ: "ಅವ್ನು ಬಾರ್ಕೋಲ್ಗೆಲ್ಲ ಓಡಕಿಲ್ಲ ಕಣ್ಲಾ. ಕೊನೇಲಿ ಅಸ್ರು ಸೀರೆ ಉಟ್ಕಂಡು ಬೆಲ್ಲ ಇಡ್ಕಂಡು ನಿಂತಿರ್ತೀನಲ್ಲ, ನನ್ ನೋಡಿ ಓಡ್ತಾನೆ. ಯಾರ್ಗೂ ಏಳ್ಬ್ಯಾಡ." ನಾನು ಒಂದು ಗಂಟೆಯೊಳಗೆ ಒಂಬೈನೂರು ಜನಕ್ಕೆ ಹೇಳಿದೆ.

ಗುಂಪಿನ ಹಿರಿಯ ಶಶಿಧರಣ್ಣ ಕಟ್ಟಳೆ ಮಾಡಿಟ್ಟಿದ್ದಾನೆ. ಸುದ್ದಿ ಕಂಡದ್ದೋ ಕೇಳಿದ್ದೋ ಮೊದಲೇ ತಿಳಿಸಬೇಕು. ಹೇಳಿದವರ ಹೆಸರು ಎತ್ತಬಾರದು. ಎತ್ತಿಗೆ ತೊಂದರೆಯಾಗುವ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು. ನಾನು ಪಾಲಿಸಿದ್ದು ಮೊದಲನೆಯದನ್ನು ಮಾತ್ರ. ಯಾರೋ "ಬುರುಡೆ ಬುಡ್ಬ್ಯಾಡ ಕಣ್ಲಾ, ಪುರಾವೆ ಏನು?" ಎಂದ. ನನ್ನನ್ನು ಸುಳ್ಳ ಎಂದರೆ ಮೈ ಉರಿಯುತ್ತದೆ. ನಿನ್ನ ಹೆಸರು, ಸೀರೆಯ ಫೋಟೋ, ಬೆಲ್ಲದ ಅಚ್ಚಿನ ಫೋಟೋ ಎಲ್ಲ ಹಾಕಿದೆ. ಶಶಿಧರಣ್ಣ ಫೋನ್ ಮಾಡಿ, "ನಿಜ ಅಂದ್ಮಾತ್ರಕ್ಕೆ ಎಲ್ಲಾನೂ ಕಕ್ಬುಡಾದೇನ್ಲಾ?" ಎಂದು ಬೈದ. ಅಳಿಸುವ ಹೊತ್ತಿಗೆ ಅದು ಎದುರಾಳಿಗಳ ಗುಂಪು ಸೇರಿತ್ತು.

ದುದ್ದದಲ್ಲಿ ಓಟ ನಡೆದ ದಿನ ಗಾಡಿಗಳ ದಾರಿಯ ಉದ್ದಕ್ಕೂ, ನಿನ್ನನ್ನು ಬಿಟ್ಟು, ಐವರು ಹಸಿರು ಸೀರೆಯ ಮುದುಕಿಯರು ನಿಂತಿದ್ದರು. ಎದುರಾಳಿಗಳು ತಂತಮ್ಮ ಅಜ್ಜಿಯರನ್ನು ಟೆಂಪೋದಲ್ಲಿ ಕರೆತಂದಿದ್ದರು. ಒಬ್ಬರಿಗೆ ಸೆರಗಿನೊಳಗೆ ಮೀಸೆಯೂ ಇತ್ತು. ಸುನಾಮಿ ಮೊದಲನೆಯವರ ಮುಂದೆ ನಿಂತು ಬೆಲ್ಲ ತಿಂದಿತು. ಎರಡನೆಯವರ ಮುಂದೆಯೂ ನಿಂತಿತು. ಜೊತೆಯ ಎತ್ತು ಎಳೆದಾಡಿತು, ಗಾಡಿಯ ಮೇಲಿದ್ದ ನಿನ್ನ ಮಗ ಕೆಂಪರಾಜಣ್ಣ ಸುನಾಮಿಗೆ ಕೈಮುಗಿದ. ಮೀಸೆಯವರ ಹತ್ತಿರ ಅದು ಎರಡು ಅಚ್ಚು ತಿಂದಿತು. ಕೊನೆ ಮುಟ್ಟುವಷ್ಟರಲ್ಲಿ ಮುಂದಿನ ಓಟದ ಗಾಡಿಗಳು ಸಾಲಿಗೆ ಬಂದು ನಿಂತಿದ್ದವು.

ಜನ ನಕ್ಕರು. ನಾನೂ ನಕ್ಕೆ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ನಿನ್ನ ಮುಖ ಕಂಡಿತು. ನೀನು ಕೈಯಲ್ಲಿದ್ದ ಬೆಲ್ಲವನ್ನು ಬೇಲಿಗೆ ಎಸೆದು, "ಬಟ್ಟೆ ನೋಡಿ ಬತ್ತಿದ್ದ ಕಣ್ಲಾ, ನನ್ ನೋಡಿ ಅಲ್ಲ. ಆರು ವರ್ಸ ಸುಮ್ಕೆ ನಂಬ್ಕಂಡಿದ್ದೆ" ಎಂದು ಹೇಳಿ ಬಸ್ಸಿನ ಕಡೆ ನಡೆದೆ. ಅಂದು ಸಂಜೆಯೇ ಕೆಂಪರಾಜಣ್ಣ ನನ್ನನ್ನು ಕೊಟ್ಟಿಗೆಯಿಂದ ಹೊರಗೆ ಹಾಕಿದ. ಅಂದಿನಿಂದ ನೀನೂ ಅಲ್ಲಿಗೆ ಕಾಲಿಟ್ಟಿಲ್ಲವಂತೆ. ಇದು ಅರ್ಪಿತ ಹೇಳಿದ್ದು. ಅಯ್ಯೋ, ಮತ್ತೆ ಹೆಸರು ಎತ್ತಿದೆ.

ಹೋಗಿ ಒಂದು ಸುಳ್ಳು ಹೇಳಿ ಅಜ್ಜಿಯನ್ನು ಸಮಾಧಾನ ಮಾಡು ಎಂದು ಎಲ್ಲರೂ ಹೇಳಿದರು. ನನ್ನಿಂದ ಆಗಲಿಲ್ಲ. ಸುನಾಮಿ ಆರು ಅಚ್ಚು ತಿಂದದ್ದು ನಿಜ. ಆದರೆ ನೀನು ಹಿಂದಿರುಗಿ ನೋಡದೆ ಹೋದೆಯಲ್ಲ, ಆಮೇಲಿನದು ನಿನಗೆ ಗೊತ್ತಿಲ್ಲ. ಆಗ ಮೂಗುದಾರ ಹಿಡಿದು ನಿಂತಿದ್ದವನು ನಾನು. ಐದೂ ಹಸಿರು ಸೀರೆಗಳು ಫೋಟೋ ತೆಗೆಸಿಕೊಳ್ಳಲು ಪಕ್ಕಕ್ಕೇ ಬಂದಿದ್ದವು. ಸುನಾಮಿ ಕತ್ತು ತಿರುಗಿಸಿ ನೀನು ಹೋಗುತ್ತಿದ್ದ ಕಡೆ ನೋಡಿತು. ಮೀಸೆಯ ಅಜ್ಜಿ ಇನ್ನೊಂದು ಅಚ್ಚನ್ನು ಮೂತಿಗೇ ಹಿಡಿದರೂ ಮುಟ್ಟಲಿಲ್ಲ. ಹೊಟ್ಟೆ ತುಂಬಿರಬೇಕು ಎಂದುಕೊಂಡೆ. ರಸ್ತೆಯಲ್ಲಿದ್ದ ಕಬ್ಬಿನ ಟ್ರ್ಯಾಕ್ಟರನ್ನು ನೋಡುತ್ತಿರಬಹುದು ಎಂದೂ ಅಂದುಕೊಂಡೆ. ಟ್ರ್ಯಾಕ್ಟರ್ ಎಡಕ್ಕೆ ಹೋಯಿತು. ಸುನಾಮಿ ಬಲಕ್ಕೇ ನೋಡುತ್ತಿತ್ತು. ನಿನ್ನ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನೋಡುತ್ತಿತ್ತು. ಆಮೇಲೆ ಆ ಕಡೆಗೆ ಒಮ್ಮೆ ಜಗ್ಗಿತು ನೋಡು, ನನ್ನ ಅಂಗೈ ಸುಲಿದುಹೋಯಿತು.

ಅದರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಕಂಡದ್ದು ಇಷ್ಟು. ಇದನ್ನು ಗುಂಪಿಗೆ ಹಾಕಿಲ್ಲ. "ಒಳಗಿಂದು ಏನಾರ ಐತೇನ್ಲಾ?" ಎಂದು ಶಶಿಧರಣ್ಣನೇ ಕೇಳಿದ. "ಐತೆ, ಏಳಕಿಲ್ಲ" ಎಂದೆ.

ಭಾನುವಾರ ಮದ್ದೂರಿನಲ್ಲಿ ಓಟವಿದೆ. ಅದಕ್ಕೆ ನೀನು ಬರಬೇಕೆಂದು ಕೇಳುತ್ತಿಲ್ಲ. ಒಂದು ಸಂಜೆ ಕೊಟ್ಟಿಗೆಗೆ ಹೋಗು. ಬೇರೆ ಯಾವುದಾದರೂ ಸೀರೆ ಉಟ್ಟುಕೋ, ಬೆಲ್ಲ ಬೇಡ, ಬರಿಗೈಯಲ್ಲಿ ಹೋಗಿ ಅದರ ಮುಂದೆ ನಿಲ್ಲು. ಅದು ಏನು ಮಾಡುತ್ತದೋ ನೀನೇ ಕಣ್ಣಾರೆ ನೋಡು. ನನಗೆ ಮಾತ್ರ ಹೇಳಬೇಡ ಅಜ್ಜಿ. ಒಂದು ಗುಟ್ಟು ಇಟ್ಟುಕೊಂಡೇ ನಾಲ್ಕು ದಿನದಿಂದ ಮುದ್ದೆ ಇಳಿಯುತ್ತಿಲ್ಲ, ಇನ್ನೊಂದಕ್ಕೆ ಜಾಗವಿಲ್ಲ.

ನಿನ್ನ ಮಂಡಿ ನೋವು ಇಳಿಯಲಿ, ಪುಟ್ಟಮಾದನಿಗೆ ಯಾರ ಕಣ್ಣೂ ತಾಗದಿರಲಿ.

ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತಿರುವ
ಸಿದ್ದರಾಮು